ದ್ರಾಕ್ಷಿಗೆ ಬರೀ ತೂಕ ನೋಡಿ ಬೆಲೆ ಕಟ್ಟಬೇಡಿ

ಮೈಲುತುತ್ತ ಕರಗಿಸುವ ದಿನ ನಮ್ಮ ಮಾವನವರು ಕುಡುಗೋಲು ಹಿಡಿದುಕೊಂಡೇ ಡ್ರಮ್ಮಿನ ಹತ್ತಿರ ಬರುತ್ತಿದ್ದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಬೆರೆಸಿದ ಮೇಲೆ ಕುಡುಗೋಲಿನ ತುದಿಯನ್ನು ಆ ನೀಲಿ ನೀರಿಗೆ ಅದ್ದಿ ತೆಗೆಯುತ್ತಿದ್ದರು. ಕಬ್ಬಿಣದ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದರ್ಥ. ಹಾಗೇ ಹೊಡೆದರೆ ಎಲೆ ಸುಟ್ಟುಹೋಗುತ್ತದೆ. "ಇನ್ನೊಂದು ಹಿಡಿ ಸುಣ್ಣ ಹಾಕಮ್ಮ" ಎನ್ನುತ್ತಿದ್ದರು. ಎಲೆ ಸುಡದ ಹಾಗೆ ನೋಡಿಕೊಳ್ಳುವುದನ್ನು ಅವರಿಂದ ಕಲಿತೆ. ಕೆಳಗಿನ ಮಣ್ಣಿನ ಗತಿ ಏನು ಎಂದು ಆಗ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕು. ತೋಟದಲ್ಲಿ ನಿಂತರೆ ನಂದಿಬೆಟ್ಟ ಕಾಣುತ್ತದೆ. ಎರಡು ಎಕರೆಯಲ್ಲಿ ಚಪ್ಪರದ ಬೆಂಗಳೂರು ನೀಲಿ ದ್ರಾಕ್ಷಿ, ಒಂದು ಎಕರೆಯಲ್ಲಿ ವೈನ್‌ಗೆಂದೇ ಹಾಕಿದ ಶಿರಾಜ್. ಅರ್ಕಾವತಿ, ಪಾಲಾರ್, ಪಿನಾಕಿನಿ ಎಲ್ಲ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ ಆದರೂ ವರ್ಷವಿಡೀ ಹರಿಯುವ ಹೊಳೆ ಒಂದೂ ನಮಗಿಲ್ಲ. ಏನಿದ್ದರೂ ಬೋರ್‌ವೆಲ್. ಮಾವನವರ ಕಾಲದಲ್ಲಿ 400 ಅಡಿಗೆ ಸಿಕ್ಕಿದ ನೀರು ನಮ್ಮ ಕೊನೆಯ ಬೋರ್‌ನಲ್ಲಿ 1,200 ಅಡಿಗೆ ಸಿಕ್ಕಿತು.

ವೈನ್ ದ್ರಾಕ್ಷಿ ನಮ್ಮಂಥ ಬರದ ಸೀಮೆಗೆ ಒಗ್ಗುವ ಬೆಳೆ ಎಂದು ನಾನು ನಂಬಿದ್ದೇನೆ. ಕೆಂಪು ವೈನಿನ ಬಣ್ಣ, ಒಗರು ಬರುವುದು ಹಣ್ಣಿನ ಸಿಪ್ಪೆಯಿಂದ. ಹಣ್ಣು ಸಣ್ಣದಾದಷ್ಟೂ ರಸಕ್ಕೆ ಸಿಗುವ ಸಿಪ್ಪೆ ಹೆಚ್ಚು. ಕಾಯಿ ಬಣ್ಣ ತಿರುಗುವ ಹೊತ್ತಿಗೆ ನೀರನ್ನು ಹದವಾಗಿ ಕಡಿಮೆ ಮಾಡಿದರೆ ವೈನೂ ಒಳ್ಳೆಯದಾಗುತ್ತದೆ, ಬೋರ್‌ವೆಲ್ಲೂ ಉಳಿಯುತ್ತದೆ. ಹೋದ ವರ್ಷ ಹಾಗೇ ಮಾಡಿದೆ. ಹನಿ ನೀರಿನ ಮೋಟಾರು ಓಡಿಸುವ ಹೊತ್ತನ್ನು ಅರ್ಧಕ್ಕೆ ಇಳಿಸಿದೆ. ಐದು ಟನ್ ಬರುತ್ತಿದ್ದ ಕಡೆ ನಾಲ್ಕು ಟನ್ ಬಂತು.

ಫೆಬ್ರವರಿ ಕೊನೆಯಲ್ಲಿ ಕ್ರೇಟುಗಳನ್ನು ತುಂಬಿಕೊಂಡು ವೈನರಿಯ ಗೇಟಿಗೆ ಹೋದೆವು. ಅಲ್ಲಿಯ ಹುಡುಗ ನಾಲ್ಕು ಹಣ್ಣು ಹಿಸುಕಿ, ರಸದ ಒಂದು ಹನಿಯನ್ನು ಸಕ್ಕರೆ ಅಳೆಯುವ ಸಣ್ಣ ದುರ್ಬೀನಿಗೆ ಬಿಟ್ಟು, ಬೆಳಕಿಗೆ ಹಿಡಿದು ನೋಡಿದ. ಗಾಡಿ ತೂಕಕ್ಕೆ ಹೋಯಿತು. ಸಕ್ಕರೆ ಎಷ್ಟು, ತೂಕ ಎಷ್ಟು, ಚೀಟಿಯಲ್ಲಿ ಇವೆರಡೇ. ವೈನ್ ಮಾಡುವವರು ಬಂದು ಬಣ್ಣ ತುಂಬ ಚೆನ್ನಾಗಿದೆ ಎಂದು ಹೊಗಳಿದರು. ಆದರೆ ಕಿಲೋಗೆ ಕೊಟ್ಟದ್ದು ಎಲ್ಲರಿಗೂ ಕೊಡುವ ದರವನ್ನೇ. ನೀರು ಉಳಿಸಿದ್ದಕ್ಕೆ ಒಂದು ಟನ್ನಿನ ದುಡ್ಡು ಹೋಯಿತು. ಪಕ್ಕದ ತೋಟದವರು ಕೊಯ್ಲಿನ ಹಿಂದಿನ ವಾರದವರೆಗೂ ನೀರು ಬಿಟ್ಟಿದ್ದರು. ಅವರನ್ನು ದೂರುವುದು ತಪ್ಪು. ತೂಕಕ್ಕೆ ದುಡ್ಡು ಎಂದ ಮೇಲೆ ರೈತ ತೂಕವನ್ನೇ ಬೆಳೆಯುತ್ತಾನೆ.

ತಾಮ್ರದ ಲೆಕ್ಕವೂ ಹೀಗೇ ಇದೆ. ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮಾಡಿದ ಮೇಲೆ ಅಕ್ಟೋಬರ್ ಮಳೆ ಹಿಡಿದರೆ ಎಲೆಯ ಕೆಳಗೆ ಬಿಳಿ ಬೂಜು ಬರುತ್ತದೆ. ಗೊಂಚಲಿಗೆ ತಗುಲಿದರೆ ಬೆಳೆ ಹೋದಂತೆಯೇ. ಅದಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಆ ಬೋರ್ಡೋ ದ್ರಾವಣ. ಎಕರೆಗೆ 400 ಲೀಟರ್ ಹೊಡೆದರೆ ನಾಲ್ಕು ಕಿಲೋ ಮೈಲುತುತ್ತ, ಅದರಲ್ಲಿ ಸುಮಾರು ಕಾಲು ಭಾಗ, ಅಂದರೆ ಒಂದು ಕಿಲೋ, ತಾಮ್ರ. ಯುರೋಪಿನ ಒಕ್ಕೂಟ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕಿಲೋ ತಾಮ್ರದ ಮಿತಿ ಹಾಕಿದೆ. ನಮ್ಮ ಲೆಕ್ಕಕ್ಕೆ ಎಕರೆಗೆ ವರ್ಷಕ್ಕೆ 1.6 ಕಿಲೋ. ಎರಡನೇ ಸಲ ಹೊಡೆದು ಮುಗಿಸುವ ಮೊದಲೇ ನಾವು ಆ ಗೆರೆ ದಾಟುತ್ತೇವೆ. ತಾಮ್ರ ಕೊಳೆಯುವ ವಸ್ತುವಲ್ಲ. ವರ್ಷದಿಂದ ವರ್ಷಕ್ಕೆ ಮೇಲ್ಮಣ್ಣಿನಲ್ಲೇ ಕೂತು ಎರೆಹುಳುವನ್ನು ದೂರ ಮಾಡುತ್ತದೆ.

ಇದನ್ನು ಕಡಿಮೆ ಮಾಡುವ ದಾರಿ ನಮಗೆ ಗೊತ್ತಿದೆ. ಗೊಂಚಲಿನ ಸುತ್ತ ಎಲೆ ಕಿತ್ತು ಗಾಳಿ ಆಡಲು ಬಿಡಬೇಕು. ದಿನಾ ಬೆಳಿಗ್ಗೆ ಎಲೆ ಮಗುಚಿ ನೋಡಿ, ಬೇಕಾದಾಗ ಮಾತ್ರ ಔಷಧಿ ಹೊಡೆಯಬೇಕು. ಸಾಲಿನ ನಡುವೆ ಸೆಣಬು, ಹುರುಳಿ ಚೆಲ್ಲಿ, ಹೂವಿಗೆ ಬಂದಾಗ ಕತ್ತರಿಸಿ ಅಲ್ಲೇ ಹೊದಿಸಬೇಕು. ಆದರೆ ಎಲೆ ಕೀಳುವುದಕ್ಕೆ ಆಳು ಬೇಕು, ಆಳಿಗೆ ಕೂಲಿ ಕೊಡಬೇಕು. ಆ ಕೂಲಿ ಈಗ ರೈತರ ಜೇಬಿನಿಂದಲೇ ಹೋಗುತ್ತಿದೆ.

ವೈನರಿಗಳ ಅಂಗಳದಲ್ಲೂ ಕೆಲಸ ಬಾಕಿ ಇದೆ. ಟ್ಯಾಂಕು, ನೆಲ ತೊಳೆದ ಹುಳಿ ನೀರನ್ನು ಶುದ್ಧ ಮಾಡಿ ತೋಟಕ್ಕೇ ಬಿಡಬಹುದು. ಹಿಂಡಿ ಉಳಿದ ಸಿಪ್ಪೆ, ಬೀಜ ಸಗಣಿ ಜೊತೆ ಕಳಿತರೆ ಒಳ್ಳೆಯ ಗೊಬ್ಬರ. ಅದು ಹಣ್ಣು ಕೊಟ್ಟ ಹೊಲಕ್ಕೆ ವಾಪಸ್ ಬರಬೇಕು. ಮುಕ್ಕಾಲು ಲೀಟರ್ ವೈನಿಗೆ ಅರ್ಧ ಕಿಲೋಗೂ ಹೆಚ್ಚಿನ ಗಾಜು ಬೇಕಿಲ್ಲ. ಕುಲುಮೆಯ ಉರಿ, ಲಾರಿಯ ಡೀಸೆಲ್ ಎರಡೂ ಆ ಗಾಜಿನ ತೂಕಕ್ಕೆ ತಕ್ಕಂತೆ ಏರುತ್ತವೆ.

ನಾನು ಕೇಳುತ್ತಿರುವುದು ಹೊಸದೇನಲ್ಲ. ಕ್ಯಾಲಿಫೋರ್ನಿಯಾದ ಲೋಡೈ ಸೀಮೆಯ ಬೆಳೆಗಾರರು 2005ರಲ್ಲೇ ಮಣ್ಣು, ನೀರು, ಔಷಧಿ, ಕೂಲಿಯಾಳುಗಳ ಕ್ಷೇಮ ಎಲ್ಲಕ್ಕೂ ನಿಯಮ ಮಾಡಿಕೊಂಡರು. ಹೊರಗಿನವರು ಬಂದು ತಪಾಸಣೆ ಮಾಡುತ್ತಾರೆ. ಪಾಸಾದ ತೋಟದ ಹಣ್ಣಿಗೆ ಕೆಲವು ವೈನರಿಗಳು ಟನ್ನಿಗೆ ಇಷ್ಟು ಎಂದು ಹೆಚ್ಚಿಗೆ ಕೊಡುತ್ತವೆ. ನಾಪಾದಲ್ಲಿ ಟನ್ ಲೆಕ್ಕ ಬಿಟ್ಟು ಎಕರೆ ಲೆಕ್ಕದಲ್ಲಿ ಒಪ್ಪಂದ ಮಾಡಿಕೊಳ್ಳುವವರೂ ಇದ್ದಾರೆ.

ನಮ್ಮ ರಾಜ್ಯ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ಅದಕ್ಕೆಂದೇ ಮಂಡಳಿಯೂ ಇದೆ. ಆ ಮಂಡಳಿ ಮುಂದೆ ನಿಂತು ಮೂರು ಕೆಲಸ ಮಾಡಿಸಲಿ. ನೀರು ಉಳಿಸಿ ಬೆಳೆದ ಹಣ್ಣಿಗೆ ಕಿಲೋ ದರ ಹೆಚ್ಚಿಸಲಿ, ಇಲ್ಲವೇ ಎಕರೆ ಲೆಕ್ಕದ ಒಪ್ಪಂದ ಬರಲಿ. ತೋಟಗಾರಿಕೆ ಇಲಾಖೆಯವರು ವರ್ಷಕ್ಕೊಮ್ಮೆ ಮಣ್ಣಿನ ತಾಮ್ರ ಪರೀಕ್ಷೆ ಮಾಡಿ ಬರೆದುಕೊಡಲಿ. ವೈನರಿಗೆ ಸರ್ಕಾರ ಕೊಡುವ ಯಾವುದೇ ರಿಯಾಯಿತಿ ಅದು ರೈತರಿಗೆ ಕೊಟ್ಟ ದರವನ್ನೂ ನೀರಿನ ಲೆಕ್ಕವನ್ನೂ ನೋಡಿದ ಮೇಲೆಯೇ ಸಿಗಲಿ.

ಮೂರು ವರ್ಷದಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ: ಮೋಟಾರು ಎಷ್ಟು ಗಂಟೆ ಓಡಿತು, ಯಾವತ್ತು ಎಷ್ಟು ಮೈಲುತುತ್ತ ಹಾಕಿದೆ, ಎಲೆ ಕಿತ್ತ ಆಳು ಎಷ್ಟು ಜನ. ಈ ಸಲ ಸೆಣಬಿನ ಹೊದಿಕೆ ಎತ್ತಿದಾಗ ಎರೆಹುಳುವಿನ ಮಣ್ಣುಗುಡ್ಡೆ ಕಂಡದ್ದನ್ನೂ ತಾರೀಖು ಹಾಕಿ ಬರೆದಿದ್ದೇನೆ. ಗಾಡಿ ತೂಕಕ್ಕೆ ಹೋಗುವಾಗ ಆ ಪುಸ್ತಕ ನನ್ನ ಚೀಲದಲ್ಲೇ ಇರುತ್ತದೆ. ಗೇಟಿನಲ್ಲಿ ಇದುವರೆಗೂ ಯಾರೂ ಅದನ್ನು ಕೇಳಿಲ್ಲ. ಬರುವ ಫೆಬ್ರವರಿಯಲ್ಲಾದರೂ ಚೀಟಿ ಬರೆಯುವ ಮುಂಚೆ ಅದನ್ನು ಇಸಿದುಕೊಂಡು ನೋಡಲಿ.