ಚಕ್ರಕ್ಕೆ ನಿಲ್ಲಲೂ ಹೇಳಬೇಕು

ಫೋನಿನ ಪರದೆಯನ್ನು ಬೆರಳಿನಿಂದ ಕೆಳಗೆ ಎಳೆದರೆ ಪುಟ್ಟ ಚಕ್ರವೊಂದು ಸುತ್ತಿ, ಹೊಸ ಮಾಹಿತಿ ಬರುತ್ತದೆ. ಲೋರೆನ್ ಬ್ರಿಕ್ಟರ್ ಎಂಬ ಡೆವಲಪರ್ ‘ಟ್ವೀಟಿ’ ಆ್ಯಪ್‌ಗಾಗಿ ರೂಪಿಸಿದ ಈ ‘ಪುಲ್ ಟು ರಿಫ್ರೆಶ್’ ಈಗ ಎಲ್ಲೆಡೆ ಇದೆ. ಆದರೆ ಕೆಲವು ಆ್ಯಪ್‌ಗಳಲ್ಲಿ ಚಕ್ರ ನಿಲ್ಲುವುದೇ ಇಲ್ಲ. ರಿಸಲ್ಟ್ ನೋಡಲು ಕೂತವರಿಗೆ ಸರ್ವರ್ ಕೈಕೊಟ್ಟಿದೆಯೋ, ನೆಟ್ ಹೋಗಿದೆಯೋ ತಿಳಿಯದು. ಸುಮ್ಮನೆ ಕಾಯುತ್ತಾರೆ.

ಕಾರಣ ಸಣ್ಣದು. ಆಂಡ್ರಾಯ್ಡ್‌ನ ‘ಸ್ವೈಪ್‌ರಿಫ್ರೆಶ್‌ಲೇಔಟ್’ ಬಳಸಿದರೆ, ಎಳೆದಾಗ ಚಕ್ರ ತಾನಾಗಿಯೇ ಸುತ್ತುತ್ತದೆ, ತಾನಾಗಿಯೇ ನಿಲ್ಲುವುದಿಲ್ಲ. ‘ಸೆಟ್‌ರಿಫ್ರೆಶಿಂಗ್’ಗೆ ‘ಫಾಲ್ಸ್’ ಕೊಟ್ಟು ನಾವೇ ನಿಲ್ಲಿಸಬೇಕು. ಅನೇಕರು ಆ ಸಾಲನ್ನು ಮಾಹಿತಿ ಬಂದ ಕಡೆ ಮಾತ್ರ ಬರೆಯುತ್ತಾರೆ. ಮಾಹಿತಿ ಬಾರದಿದ್ದರೆ ಆ ಸಾಲು ಓಡುವುದೇ ಇಲ್ಲ. ಗೆದ್ದರೂ ಸೋತರೂ ಓಡುವ ‘ಫೈನಲಿ’ಯಲ್ಲಿ ಅದನ್ನಿಟ್ಟು, ಕಾಯುವುದಕ್ಕೊಂದು ಟೈಮ್‌ಔಟ್ ಹಾಕಿ, ‘ಸಂಪರ್ಕ ಸಿಗಲಿಲ್ಲ, ಮತ್ತೆ ಪ್ರಯತ್ನಿಸಿ’ ಎಂದು ತೋರಿಸಬೇಕು. ಫ್ಲಟರ್‌ನಲ್ಲಾದರೆ ‘ಆನ್‌ರಿಫ್ರೆಶ್’ ಕೊಡುವ ‘ಫ್ಯೂಚರ್’ ಪೂರ್ಣಗೊಳ್ಳಲೇಬೇಕು.

ನಮ್ಮ ಕಾಲೇಜಿನ ಪ್ರಾಜೆಕ್ಟ್ ಡೆಮೊಗಳೆಲ್ಲ ಒಳ್ಳೆಯ ವೈಫೈನಲ್ಲೇ ನಡೆಯುತ್ತವೆ. ಹಾಗಾಗಿ ಈ ದೋಷ ಯಾರ ಕಣ್ಣಿಗೂ ಬೀಳುವುದಿಲ್ಲ. ಆ್ಯಪ್ ಬಳಸುವವರು ಮಾತ್ರ ಓಡುವ ಬಸ್ಸಿನಲ್ಲೋ, ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕಾದ ಊರಿನಲ್ಲೋ ಇರುತ್ತಾರೆ.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ನಾನು ಹೇಳುವುದಿಷ್ಟೆ: ರೆಸ್ಯೂಮೆಗಾಗಿ ಇನ್ನೊಂದು ಫೀಚರ್ ಸೇರಿಸುವ ಮುನ್ನ, ಏರೋಪ್ಲೇನ್ ಮೋಡ್ ಹಾಕಿ ನಿಮ್ಮ ಆ್ಯಪನ್ನು ಒಮ್ಮೆ ಎಳೆದು ನೋಡಿ. ‘ನೆಟ್ ಇಲ್ಲದಿದ್ದರೆ ಏನಾಗುತ್ತದೆ?’ ಎಂದು ಸಂದರ್ಶನದಲ್ಲಿ ಕೇಳಿದರೆ, ತಡವರಿಸದೆ ಉತ್ತರಿಸಬಹುದು.