ಪಠ್ಯ ಬದಲಾಯಿತು, ತರಗತಿ ಬದಲಾಗಲಿಲ್ಲ

ಸರಕಾರ ಬದಲಾದಾಗಲೆಲ್ಲ ಪಠ್ಯಪುಸ್ತಕದ ಜಗಳ ಏಳುವುದು ನಮ್ಮ ರಾಜ್ಯದಲ್ಲಿ ಈಗ ಮಾಮೂಲಾಗಿದೆ. 2022ರಲ್ಲಿ ರೋಹಿತ್ ಚಕ್ರತೀರ್ಥ ಅಧ್ಯಕ್ಷತೆಯ ಸಮಿತಿ ಪರಿಷ್ಕರಿಸಿದ ಪುಸ್ತಕಗಳು ಬಂದವು. ಹತ್ತನೇ ತರಗತಿಯ ಕನ್ನಡ ಪುಸ್ತಕಕ್ಕೆ ಆರೆಸ್ಸೆಸ್ ಸ್ಥಾಪಕ ಹೆಡಗೇವಾರ್ ಅವರ ಭಾಷಣವೊಂದು ಪಾಠವಾಗಿ ಸೇರಿತು. ಸಾಹಿತಿ ದೇವನೂರ ಮಹಾದೇವ ಅವರು ತಮ್ಮ ಬರಹವನ್ನು ಪಠ್ಯದಲ್ಲಿ ಬಳಸಲು ಕೊಟ್ಟಿದ್ದ ಒಪ್ಪಿಗೆಯನ್ನು ಹಿಂದಕ್ಕೆ ಪಡೆದರು. ಮರುವರ್ಷ ಸರಕಾರವೇ ಬದಲಾಯಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟವು ಹೆಡಗೇವಾರ್ ಮತ್ತು ಸಾವರ್ಕರ್ ಕುರಿತ ಪಾಠಗಳನ್ನು ಕೈಬಿಟ್ಟು, ಸಾವಿತ್ರಿಬಾಯಿ ಫುಲೆ ಪಾಠ, ನೆಹರೂ ಮಗಳಿಗೆ ಬರೆದ ಪತ್ರ, ಅಂಬೇಡ್ಕರ್ ಕುರಿತ ಕವಿತೆ ಸೇರಿಸಲು ತೀರ್ಮಾನಿಸಿತು.

ನಮ್ಮಲ್ಲಿ ತುಂಬ ಮಂದಿ ಆಗ ನಿಟ್ಟುಸಿರು ಬಿಟ್ಟರು. ಅದರಲ್ಲಿ ತಪ್ಪೇನೂ ಇಲ್ಲ. ಆದ್ರೆ ಒಂದು ಮನೆಯ ಇಬ್ಬರು ಮಕ್ಕಳನ್ನು ಊಹಿಸಿಕೊಳ್ಳಿ. ಅಕ್ಕ ಹಳೆಯ ಪುಸ್ತಕ ಓದಿ ಎಸೆಸೆಲ್ಸಿ ಬರೆದಳು. ತಮ್ಮ ಮರುವರ್ಷ ಹೊಸ ಪಾಠ ಓದಿ ಬರೆದ. ಅವಳಿಗೂ ಗೈಡಿನಲ್ಲಿ ಇದ್ದ ಉತ್ತರಕ್ಕೆ ಪೂರ್ತಿ ಅಂಕ, ಇವನಿಗೂ ಗೈಡಿನಲ್ಲಿ ಇದ್ದ ಉತ್ತರಕ್ಕೆ ಪೂರ್ತಿ ಅಂಕ. ಪಾಠ ಬೇರೆ ಬೇರೆ. ಆದರೆ ಇಬ್ಬರೂ ಕಲಿತದ್ದು ಒಂದೇ: ಮೇಲಿನವರು ಯಾವುದನ್ನು ಸರಿ ಅನ್ನುತ್ತಾರೋ ಅದೇ ಸರಿಯುತ್ತರ. ನಾವು ಪುಸ್ತಕದ ಹಾಳೆಗಳಿಗಾಗಿ ಜಗಳ ಮಾಡ್ತಾ ಇದ್ದೇವೆ. ಈ ದೊಡ್ಡ ಪಾಠದ ಬಗ್ಗೆ ಯಾರೂ ಮಾತಾಡುವುದಿಲ್ಲ.

ನಂಬಿಕೆ ಎಲ್ಲಿ ತಯಾರಾಗುತ್ತದೆ?

ಒಂದು ಪಾಠ ಓದಿದ ಮಾತ್ರಕ್ಕೆ ಮಗುವಿನ ಮನಸ್ಸು ಬದಲಾಗುವುದಿಲ್ಲ. ಹಾಗಾಗುವುದಿದ್ದರೆ ಅಹಿಂಸೆಯ ಪಾಠ ಓದಿದ ಊರಿನಲ್ಲಿ ಗಲಾಟೆಗಳೇ ಇರುತ್ತಿರಲಿಲ್ಲ. ಮನಸ್ಸನ್ನು ರೂಪಿಸುವುದು ದಿನನಿತ್ಯದ ಅಭ್ಯಾಸ. ಒಂದು ಪ್ರಶ್ನೆಗೆ ಒಂದೇ ಉತ್ತರ. ಆ ಉತ್ತರವನ್ನು ಮಕ್ಕಿಕಾಮಕ್ಕಿ ಬರೆದವನು ಜಾಣ. "ಯಾಕೆ ಸಾರ್?" ಎಂದು ಕೇಳಿದವನು ಅಧಿಕಪ್ರಸಂಗಿ. ಹತ್ತು ಹನ್ನೆರಡು ವರ್ಷ ಹೀಗೆ ಕೂತು ಎದ್ದ ಮಗುವಿಗೆ ಎಲ್ಲರ ಹಾಗೆ ಇರುವುದೇ ಕ್ಷೇಮ ಎಂಬುದು ಯಾರೂ ಹೇಳಿಕೊಡದೆಯೇ ಗೊತ್ತಾಗುತ್ತದೆ.

ನಮ್ಮ ಮಕ್ಕಳಿಗೆ ಇನ್ನೊಂದು ಪಾಠವೂ ಸಿಗುತ್ತದೆ. ಮನೆಯಲ್ಲಿ ಬ್ಯಾರಿ ಭಾಷೆ, ಶಾಲೆಯಲ್ಲಿ ಕನ್ನಡ ಇಲ್ಲವೇ ಇಂಗ್ಲಿಷ್. ಕೆಲವು ಶಾಲೆಗಳಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ದಂಡವೂ ಉಂಟು. ಉಮ್ಮನ ಜೊತೆ ಮಾತಾಡುವ ಭಾಷೆ ಶಾಲೆಯ ಗೇಟಿನ ಹೊರಗೆ ಬಿಟ್ಟು ಬರಬೇಕಾದ ಚಪ್ಪಲಿಯ ಹಾಗೆ ಎಂದು ಮಗು ತಿಳಿದುಕೊಳ್ಳುತ್ತದೆ. ಇದು ಯಾವ ಪುಸ್ತಕದಲ್ಲೂ ಅಚ್ಚಾಗಿಲ್ಲ.

ನಮ್ಮ ಹಿರಿಯರಿಗೆ ಇದರ ಅಂದಾಜು ಇತ್ತು. 1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿಗೆ ಬಂದು, ಮುಂದೆ ಶಾಲೆಗಳು ಎದ್ದಾಗ ಅವರಲ್ಲಿ ಅನೇಕರು ಮಕ್ಕಳನ್ನು ಕಳಿಸಲು ಹಿಂಜರಿದರು. ಶಾಲೆಗೆ ಹೋದ ಮಗು ಮೊದಲಿನ ಹಾಗೆ ಉಳಿಯುವುದಿಲ್ಲ ಎಂಬ ಭಯ ಅವರದು. ಶಾಲೆ ಮಕ್ಕಳನ್ನು ಬದಲಾಯಿಸುತ್ತದೆ ಎಂಬ ಅವರ ತಿಳುವಳಿಕೆ ಸರಿಯೇ ಇತ್ತು. ಅದಕ್ಕೆ ಕಂಡುಕೊಂಡ ಮದ್ದು ಮಾತ್ರ ಸರಿ ಇರಲಿಲ್ಲ. ಶಾಲೆಯಿಂದ ದೂರ ಉಳಿದ ತಲೆಮಾರು ಅದರ ಬೆಲೆ ತೆತ್ತಿದೆ. ಆ ಮದ್ದನ್ನು ಇವತ್ತು ಪುನಃ ಯಾರಾದರೂ ಸೂಚಿಸಿದರೆ ಒಪ್ಪಬೇಡಿ.

ಎರಡು ನಾಟಕಗಳು

2019ರ ಡಿಸೆಂಬರಿನಲ್ಲಿ ನಮ್ಮದೇ ಜಿಲ್ಲೆಯ ಕಲ್ಲಡ್ಕದ ಒಂದು ಶಾಲೆಯ ಕ್ರೀಡೋತ್ಸವದಲ್ಲಿ ಮಕ್ಕಳಿಂದ ಬಾಬರಿ ಮಸೀದಿ ಕೆಡಹುವ ದೃಶ್ಯವನ್ನು ಮಾಡಿಸಲಾಯಿತು. ಮಸೀದಿಯ ದೊಡ್ಡ ಚಿತ್ರವನ್ನು ಮಕ್ಕಳು ಕೆಡವಿದರು. ವೇದಿಕೆಯಲ್ಲಿ ದೊಡ್ಡ ಹುದ್ದೆಯವರೇ ಇದ್ದರು. ಆಮೇಲೆ ಪೊಲೀಸ್ ಪ್ರಕರಣ ದಾಖಲಾಯಿತು.

ಮರು ತಿಂಗಳು, 2020ರ ಜನವರಿಯಲ್ಲಿ ಬೀದರಿನ ಶಾಹೀನ್ ಶಾಲೆಯಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆ ಮಕ್ಕಳ ನಾಟಕ ನಡೆಯಿತು. ರಾಜದ್ರೋಹದ ಕೇಸು ಬಿತ್ತು. ಶಾಲೆಯ ಮುಖ್ಯ ಶಿಕ್ಷಕಿ ಮತ್ತು ಒಬ್ಬಳು ವಿದ್ಯಾರ್ಥಿನಿಯ ತಾಯಿ ಜೈಲು ಸೇರಿದರು. ಪೊಲೀಸರು ಶಾಲೆಗೆ ಬಂದು ಸಣ್ಣ ಸಣ್ಣ ಮಕ್ಕಳನ್ನು ಮತ್ತೆ ಮತ್ತೆ ವಿಚಾರಿಸಿದರು. 2023ರ ಜೂನ್‌ನಲ್ಲಿ ಹೈಕೋರ್ಟ್ ಆ ಪ್ರಕರಣವನ್ನು ರದ್ದು ಮಾಡಿತು. ಆದರೆ ಮಕ್ಕಳಿಗೆ ಸರಕಾರದ ನೀತಿಯನ್ನು ಟೀಕಿಸಲು ಕಲಿಸುವ ಕೆಲಸದಿಂದ ಶಾಲೆಗಳು ದೂರ ಇರಬೇಕು ಎಂಬ ಮಾತನ್ನೂ ಅದು ಸೇರಿಸಿತು.

ಈ ಎರಡು ನಾಟಕಗಳು ಒಂದೇ ತೂಕದವು ಎಂದು ನಾನು ಹೇಳುವುದಿಲ್ಲ. ಇನ್ನೊಬ್ಬರ ಪೂಜಾಸ್ಥಳವನ್ನು ಕೆಡವುವುದನ್ನು ಸಂಭ್ರಮಿಸುವುದು ಬೇರೆ, ಒಂದು ಕಾಯ್ದೆಯನ್ನು ಪ್ರಶ್ನಿಸುವುದು ಬೇರೆ. ಕಾಯ್ದೆ ಪ್ರಶ್ನಿಸಿದ್ದಕ್ಕೆ ತಾಯಂದಿರನ್ನು ಜೈಲಿಗೆ ಹಾಕಿದ್ದು ಅನ್ಯಾಯ. ಆದರೂ ನಾವು ಕೇಳಲೇಬೇಕಾದ ಒಂದು ಪ್ರಶ್ನೆ ಉಂಟು: ಆ ಸಂಭಾಷಣೆ ಮಗುವಿನದ್ದೋ, ದೊಡ್ಡವರದ್ದೋ? ದೊಡ್ಡವರ ಮಾತನ್ನು ಬಾಯಿಪಾಠ ಮಾಡಿಸಿ ವೇದಿಕೆ ಹತ್ತಿಸುವುದು ಯೋಚನೆ ಕಲಿಸಿದ ಹಾಗೆ ಆಗುವುದಿಲ್ಲ, ಆ ಮಾತು ಎಷ್ಟೇ ನ್ಯಾಯದ್ದಾಗಿರಲಿ.

ಮೌನವಾಗಿ ನಿಂತ ಮೂವರು ಮಕ್ಕಳು

ಒಂದು ಶಾಲೆ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಒಂದೇ ಪರೀಕ್ಷೆ ಸಾಕು: ಎಲ್ಲರ ಹಾಗೆ ಇಲ್ಲದ ಮಗುವನ್ನು ಅದು ಏನು ಮಾಡುತ್ತದೆ?

1985ರಲ್ಲಿ ಕೇರಳದ ಒಂದು ಶಾಲೆಯಲ್ಲಿ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದ ಮೂವರು ಮಕ್ಕಳು ಓದುತ್ತಿದ್ದರು. ರಾಷ್ಟ್ರಗೀತೆ ಹಾಡುವಾಗ ಅವರು ಎಲ್ಲರ ಜೊತೆ ಎದ್ದು ಗೌರವದಿಂದ ನಿಲ್ಲುತ್ತಿದ್ದರು. ಆದರೆ ತಮ್ಮ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. ಒಬ್ಬ ಶಾಸಕರು ಇದನ್ನು ವಿಧಾನಸಭೆಯಲ್ಲಿ ಎತ್ತಿದರು, ಮಕ್ಕಳನ್ನು ಶಾಲೆಯಿಂದ ಹೊರಹಾಕಲಾಯಿತು. ಕೇರಳ ಹೈಕೋರ್ಟಿನಲ್ಲಿ ಅವರಿಗೆ ಸೋಲಾಯಿತು. 1986ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಗೌರವದಿಂದ ಎದ್ದು ನಿಂತು ಹಾಡದೆ ಇರುವುದು ಅಗೌರವ ಅಲ್ಲ, ಅದಕ್ಕಾಗಿ ಮಕ್ಕಳನ್ನು ಹೊರಹಾಕಿದ್ದು ಸಂವಿಧಾನ ಕೊಟ್ಟ ಹಕ್ಕಿನ ಉಲ್ಲಂಘನೆ ಎಂದು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಬರೆದರು. ಇದೇ ಬಿಜೊ ಇಮ್ಯಾನುಯೆಲ್ ಪ್ರಕರಣ. ನಮ್ಮ ಪ್ರತೀ ಮನೆಯವರು ತಿಳಿದಿರಬೇಕಾದ ತೀರ್ಪು ಇದು.

ಯಾಕೆಂದರೆ 2022ರಲ್ಲಿ ಇದೇ ಪ್ರಶ್ನೆ ನಮ್ಮ ಮನೆಬಾಗಿಲಿಗೆ ಬಂತು. ಉಡುಪಿಯ ಸರಕಾರಿ ಪಿಯು ಕಾಲೇಜಿನಲ್ಲಿ ಶುರುವಾದ ಹಿಜಾಬ್ ವಿಷಯ, ಫೆಬ್ರವರಿ 5ರ ಸರಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು ಎಲ್ಲರಿಗೂ ನೆನಪುಂಟು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ಸಮವಸ್ತ್ರದ ನಿಯಮ ಎಲ್ಲರಿಗೂ ಒಂದೇ ಎಂದರು ಹೇಮಂತ್ ಗುಪ್ತಾ. ಸುಧಾಂಶು ಧೂಲಿಯಾ ಅವರು ಬಿಜೊ ಇಮ್ಯಾನುಯೆಲ್ ತೀರ್ಪನ್ನೇ ನೆನಪಿಸಿ, ಇದು ಹುಡುಗಿಯ ಆಯ್ಕೆಯ ಪ್ರಶ್ನೆ, ಅವಳ ಓದು ನಿಲ್ಲಬಾರದು ಎಂದರು. ವಿಷಯವನ್ನು ದೊಡ್ಡ ಪೀಠಕ್ಕೆ ಒಪ್ಪಿಸಲು ಹೇಳಲಾಯಿತು.

ಸಮವಸ್ತ್ರ ಬಂದದ್ದು ಶ್ರೀಮಂತರ ಮಗು, ಬಡವರ ಮಗು ಎಂಬ ಭೇದ ಕಾಣದಿರಲಿ ಎಂಬ ಒಳ್ಳೆಯ ಉದ್ದೇಶಕ್ಕೆ. ಅಂಥ ನಿಯಮ ಒಂದು ಹುಡುಗಿಯನ್ನು ಗೇಟಿನ ಹೊರಗೆ ನಿಲ್ಲಿಸಿದರೆ ಅದರ ಉದ್ದೇಶವೇ ತಲೆಕೆಳಗಾಯಿತು. ಇನ್ನೊಂದು ಕಡೆ ನೋಡಿ. ಆ ದಿನಗಳಲ್ಲಿ ಕೇಸರಿ ಶಾಲು ಹಾಕಿಕೊಂಡು ಬಂದ ಹುಡುಗರು ಹಿಂದಿನ ತಿಂಗಳ ತನಕ ಅದೇ ತರಗತಿಯಲ್ಲಿ ನೋಟ್ಸ್ ಹಂಚಿಕೊಂಡವರು. ಶಾಲು ಹಾಕಿಕೊಳ್ಳಿ ಎಂದು ಯಾವ ಪಾಠದಲ್ಲೂ ಇರಲಿಲ್ಲ. ಎಲ್ಲರೂ ಹಾಕಿದರು, ಅವರೂ ಹಾಕಿದರು. "ನಾನು ಹಾಕುವುದಿಲ್ಲ" ಎನ್ನುವ ಧೈರ್ಯವನ್ನು ಹತ್ತು ವರ್ಷದ ಶಾಲೆ ಅವರಿಗೆ ಕಲಿಸಿರಲಿಲ್ಲ. ಇದು ನಮ್ಮ ಹುಡುಗಿಯರಿಗೆ ಆದ ನಷ್ಟ, ಆ ಹುಡುಗರಿಗೆ ಆದ ನಷ್ಟ ಕೂಡ.

ನಮ್ಮ ಅಂಗಳದಲ್ಲಿ

ಬೇರೆಯವರ ಶಾಲೆಗೆ ಇಟ್ಟ ಪರೀಕ್ಷೆಯನ್ನು ನಮ್ಮ ಶಾಲೆಗೂ ಮದ್ರಸಕ್ಕೂ ಇಡಬೇಕು. ಸಂವಿಧಾನದ 28ನೇ ವಿಧಿಯ ಮೂರನೇ ಕಲಮಿನ ಪ್ರಕಾರ, ಸರಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೋ ಆರಾಧನೆಗೋ ಕೂರಿಸುವಂತಿಲ್ಲ. ಇದು ನಮ್ಮ ಮಕ್ಕಳನ್ನು ಕಾಪಾಡುತ್ತದೆ. ನಮ್ಮವರು ನಡೆಸುವ ಇಂಗ್ಲಿಷ್ ಮೀಡಿಯಂ ಶಾಲೆಗೆ ಬರುವ ಹಿಂದೂ, ಕ್ರೈಸ್ತ ಮಕ್ಕಳನ್ನೂ ಅಷ್ಟೇ ಕಾಪಾಡಬೇಕು.

ಮದ್ರಸದಲ್ಲಿಯೂ ಪಬ್ಲಿಕ್ ಪರೀಕ್ಷೆ, ರ‍್ಯಾಂಕು, ಬಾಯಿಪಾಠ ಉಂಟು. ಕುರ್‌ಆನ್ ಕಂಠಪಾಠಕ್ಕೆ ಬಾಯಿಪಾಠ ಬೇಕೇ ಬೇಕು. ಆದರೆ ಅರ್ಥ ಕೇಳಿದ ಮಗುವಿಗೆ "ಸುಮ್ಮನೆ ಓದು" ಎಂದರೆ ಅದು ದೀನಿನ ಶಿಸ್ತು ಅಲ್ಲ, ನಮ್ಮ ಸುಸ್ತು. ಸಂಶಯವನ್ನು ಉಸ್ತಾದರ ಹತ್ತಿರ ಕೇಳಲು ಆಗದ ಹುಡುಗ ಅದನ್ನು ಮೊಬೈಲಿನಲ್ಲಿ ಯಾರ್ಯಾರದೋ ಹತ್ತಿರ ಕೇಳುತ್ತಾನೆ.

ನಾವು ಶಾಫಿಈ ಮದ್ಸ್‌ಹಬಿನವರು. ಇಮಾಮ್ ಶಾಫಿಈ ಮದೀನದಲ್ಲಿ ಇಮಾಮ್ ಮಾಲಿಕ್ ಅವರ ಶಿಷ್ಯರಾಗಿದ್ದರು. ಗುರುವಿನ ಮೇಲೆ ಅಪಾರ ಗೌರವ ಇಟ್ಟುಕೊಂಡೇ ಎಷ್ಟೋ ಮಸ್ಅಲಗಳಲ್ಲಿ ಬೇರೆ ಅಭಿಪ್ರಾಯ ಹೇಳಿದರು. ಅದರಿಂದಲೇ ನಮ್ಮ ಮದ್ಸ್‌ಹಬ್ ಹುಟ್ಟಿತು. ಇಮಾಮ್ ಮಾಲಿಕರ ಮುವತ್ತಾ ಗ್ರಂಥವನ್ನು ಎಲ್ಲ ನಾಡುಗಳಿಗೂ ಕಡ್ಡಾಯ ಮಾಡುವ ಮಾತು ಖಲೀಫರಿಂದ ಬಂದಾಗ, ಬೇಡ ಎಂದವರು ಸ್ವತಃ ಮಾಲಿಕರೇ ಎಂದು ಚರಿತ್ರೆ ಗ್ರಂಥಗಳು ಹೇಳುತ್ತವೆ. ಒಂದೊಂದು ನಾಡಿನವರಿಗೆ ಒಂದೊಂದು ದಾರಿಯಿಂದ ಇಲ್ಮ್ ತಲುಪಿದೆ, ಅವರನ್ನು ಹಾಗೇ ಬಿಡಿ ಎಂಬುದು ಅವರ ಕಾರಣ. ತನ್ನ ಪುಸ್ತಕವನ್ನೇ ಎಲ್ಲರ ಮೇಲೆ ಹೇರಬೇಡಿ ಎಂದ ಗುರು, ಗೌರವ ಬಿಡದೆ ಬೇರೆ ಮಾತು ಹೇಳಿದ ಶಿಷ್ಯ. ಇಬ್ಬರೂ ನಮ್ಮವರೇ.

ಹಾಗಾದರೆ ಮನೆಯವರು ಏನು ಮಾಡಬಹುದು? ಮಗು ಶಾಲೆಯಿಂದ ಬಂದಾಗ "ಎಷ್ಟು ಮಾರ್ಕು?" ಎಂದು ಕೇಳುವ ಜೊತೆಗೆ "ಇವತ್ತು ನೀನು ಏನು ಕೇಳಿದೆ?" ಎಂದೂ ಕೇಳಿ. ಪುಸ್ತಕದ ಪಾಠವನ್ನು ಒಂದು ಸಲ ನೀವೂ ಓದಿ, ಇದನ್ನು ಬೇರೆಯವರು ಹೇಗೆ ಹೇಳುತ್ತಿದ್ದರು ಎಂದು ಮಗುವಿನ ಜೊತೆ ಮಾತಾಡಿ. ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋಗಿ. ಅಲ್ಲಿ ನಮ್ಮವರ ಕುರ್ಚಿ ಖಾಲಿ ಇದ್ದರೆ ನಮ್ಮ ಮಾತು ಹೇಳುವವರು ಯಾರು? ಮಗು ಮನೆಯಲ್ಲಿ ಎದುರು ಪ್ರಶ್ನೆ ಕೇಳಿದರೆ ಬಾಯಿ ಮುಚ್ಚಿಸಬೇಡಿ. ಬಾಪನ ಹತ್ತಿರ "ಯಾಕೆ?" ಎಂದು ಕೇಳಿ ಅಭ್ಯಾಸ ಇರುವ ಮಗು ನಾಳೆ ಗುಂಪು ಕರೆದಾಗಲೂ "ಯಾಕೆ?" ಎಂದು ಕೇಳುತ್ತದೆ.

ಮುಂದಿನ ಚುನಾವಣೆ ಬಂದಾಗ ಪುಸ್ತಕ ಪುನಃ ಬದಲಾಗಬಹುದು. ಯಾವ ಪುಸ್ತಕ ಕೈಗೆ ಕೊಟ್ಟರೂ ಅದನ್ನು ಯೋಚಿಸಿ ಓದುವ ಮಕ್ಕಳನ್ನು ಬೆಳೆಸುವ ಕೆಲಸಕ್ಕೆ ಯಾವ ಸರಕಾರದ ಆದೇಶವನ್ನೂ ಕಾಯಬೇಕಾಗಿಲ್ಲ.