ಆಟದ ಮೈದಾನಕ್ಕೂ ಒಂದು ಜಮಾಖರ್ಚು ಬೇಡವೇ?

ಕಾಫಿ ಕೊಯ್ಲು ಮುಗಿದು, ಕಣದಲ್ಲಿ ಹರಡಿದ್ದ ಚೆರಿ ಒಣಗಿ ಚೀಲ ಸೇರಿ, ಅಡಿಕೆಯ ಕೆಲಸವೂ ಒಂದು ಹಂತಕ್ಕೆ ಬಂದ ಮೇಲೆ, ಹೂಮಳೆಗಾಗಿ ಆಕಾಶ ನೋಡುತ್ತ ಕೂರುವ ದಿನಗಳು ಬರುತ್ತವಷ್ಟೆ. ನಮ್ಮ ಊರುಗಳಲ್ಲಿ ಆಟದ ಗಾಳಿ ಬೀಸುವುದೂ ಆಗಲೇ. ಶಾಲೆಯ ಮೈದಾನಕ್ಕೆ ಸುಣ್ಣದ ಗೆರೆ ಬೀಳುತ್ತದೆ, ಶಾಮಿಯಾನ ಏಳುತ್ತದೆ, ಧ್ವನಿವರ್ಧಕ ಕೂಗತೊಡಗುತ್ತದೆ. ನಲವತ್ತು ದಾಟಿ ಬೊಜ್ಜು ಬಂದವರೂ ಬ್ಯಾಟು ಹಿಡಿಯುತ್ತಾರೆ. ಇದನ್ನು ನಾವು ಮನಃಪೂರ್ವಕವಾಗಿ ಮೆಚ್ಚುವವರೇ. ವರ್ಷವಿಡೀ ತಂತಮ್ಮ ತೋಟದ ಬೇಲಿಯೊಳಗೇ ಉಳಿಯುವ ನಮಗೆ ನಾಲ್ಕು ಜನರ ಮುಖ ನೋಡಲು ಮದುವೆ, ತಿಥಿ ಬಿಟ್ಟರೆ ಇದೊಂದೇ ದಾರಿ.

ಆದರೆ ಈ ಆಟಗಳ ಹಣದ ವಿಚಾರದಲ್ಲಿ ನಾಲ್ಕು ಮಾತು ಹೇಳಲೇಬೇಕಾಗಿದೆ. ಸದಸ್ಯ ಬಾಂಧವರು ಬೇಸರಿಸಬಾರದು.

ನಮ್ಮಷ್ಟು ಲೆಕ್ಕ ನೋಡುವ ಜನ ಇನ್ನೆಲ್ಲಿಯಾದರೂ ಇದ್ದಾರೆಯೇ ಎಂದು ನಮಗೇ ಕೆಲವೊಮ್ಮೆ ಅನ್ನಿಸುವುದುಂಟು. ಕಾಫಿ ಮಾರಲು ಹೋದರೆ ತಕ್ಕಡಿಯ ಮುಳ್ಳಿನ ಮೇಲೆ ಕಣ್ಣು. ಔಟ್‌ಟರ್ನ್ ಅರ್ಧ ಕಿಲೋ ಕಡಿಮೆ ಬಂದರೆ ಮತ್ತೊಮ್ಮೆ ಸ್ಯಾಂಪಲ್ ತೆಗೆಯಿಸುತ್ತೇವೆ. ತೇವಾಂಶದ ಮೀಟರನ್ನು ನಂಬುವುದಿಲ್ಲ. ಅಡಿಕೆ ಮಂಡಿಯಲ್ಲಿ ಗೊರಬಲು ಬೇರೆ, ಹಸ ಬೇರೆ ಎಂದು ಗಂಟೆಗಟ್ಟಲೆ ವಾದಿಸುತ್ತೇವೆ. ನಮ್ಮ ಸಂಘದ ಮಹಾಸಭೆಯಲ್ಲಿ ಲೇಖನ ಸಾಮಗ್ರಿಯ ಬಾಬ್ತಿಗೆ ಹೋದ ವರ್ಷಕ್ಕಿಂತ ಮುನ್ನೂರು ರೂಪಾಯಿ ಹೆಚ್ಚು ಖರ್ಚಾಗಿದ್ದರೆ ಎದ್ದು ನಿಂತು ಕೇಳುವ ಸದಸ್ಯರಿದ್ದಾರೆ. ಕೇಳಬೇಕಾದದ್ದೇ. ಅದೇ ಸದಸ್ಯರು ಲೀಗಿನ ಸಂಘಟಕರು ಬಂದು ಹಲ್ಲು ಕಿರಿದರೆ ಐದು ಸಾವಿರ ಎಣಿಸಿ ಕೊಡುತ್ತಾರೆ, ರಸೀತಿ ಕೇಳುವುದಿಲ್ಲ. ಕೇಳಿದರೆ ತಪ್ಪು ತಿಳಿದಾರು ಎಂಬ ಸಂಕೋಚ.

ಮೊದಲೆಲ್ಲ ಇದು ಸಣ್ಣ ಬಾಬ್ತಾಗಿತ್ತು. ಮನೆ ಮನೆಯ ಪಟ್ಟಿ ಎತ್ತಿ, ಗೆದ್ದವರಿಗೆ ಒಂದು ಗೊನೆ ಬಾಳೆಹಣ್ಣು, ಒಂದು ಬಟ್ಟಲು ಕೊಟ್ಟರೆ ಮುಗಿಯಿತು. 2008ರಲ್ಲಿ ಐಪಿಎಲ್ ಶುರುವಾದ ಮೇಲೆ ಊರೂರಿಗೆ ಒಂದೊಂದು ‘ಪ್ರೀಮಿಯರ್ ಲೀಗ್’ ಹುಟ್ಟಿಕೊಂಡಿತು. ತಂಡಕ್ಕೆ ಮಾಲೀಕರು, ಮಾಲೀಕರಿಂದ ಪ್ರವೇಶ ಶುಲ್ಕ, ಆಟಗಾರರಿಂದ ನೋಂದಣಿ ಶುಲ್ಕ, ಬಣ್ಣದ ಜೆರ್ಸಿ, ಹೊನಲು ಬೆಳಕು, ಜೊತೆಗೆ ಆಟಗಾರರ ಹರಾಜು ಬೇರೆ. (ಈ ಹರಾಜು ಹಲವೆಡೆ ಬರಿಯ ಅಂಕಗಳ ಲೆಕ್ಕದಲ್ಲಿ ನಡೆಯುತ್ತದೆ. ‘ನೀನು ಹತ್ತು ಸಾವಿರಕ್ಕೆ ಹೋದೆಯಂತೆ’ ಎಂದು ಹೆಂಡತಿ ಕೇಳಿದಾಗ ಉತ್ತರ ಹೇಳಲಾಗದೆ ಒದ್ದಾಡಿದವರನ್ನು ನಾವು ಬಲ್ಲೆವು.) ಹನ್ನೆರಡು ತಂಡ, ತಂಡಕ್ಕೆ ಐದು ಸಾವಿರ ಎಂದಿಟ್ಟುಕೊಂಡರೂ ಅರವತ್ತು ಸಾವಿರವಾಯಿತು. ತಂಡಕ್ಕೆ ಹದಿಮೂರು ಜನರಂತೆ ನೂರೈವತ್ತಾರು ಆಟಗಾರರು, ತಲೆಗೆ ಇನ್ನೂರರಂತೆ ಮೂವತ್ತೊಂದು ಸಾವಿರದ ಇನ್ನೂರು. ಗೊಬ್ಬರದ ಅಂಗಡಿ, ಔಷಧದ ಅಂಗಡಿಯವರ ಬ್ಯಾನರಿನ ಹಣ ಇದಕ್ಕೆ ಸೇರಲಿಲ್ಲ. ಲಕ್ಷ ದಾಟುವುದು ಕಷ್ಟವಲ್ಲ. ಒಂದು ಲಕ್ಷದ ವ್ಯವಹಾರವನ್ನು ಒಬ್ಬರ ಜೇಬು ಮತ್ತು ಜ್ಞಾಪಕಶಕ್ತಿಯ ಮೇಲೆ ಬಿಡಬಹುದೇ?

ನಮ್ಮ ಭಾಗದ ಒಂದು ಲೀಗಿನಲ್ಲಿ ನಡೆದುದನ್ನು ಹೇಳುತ್ತೇವೆ. ಊರು, ಹೆಸರು ಬೇಡ. ನಾವೂ ಅದಕ್ಕೆ ಚಂದಾ ಕೊಟ್ಟವರೇ ಆದ್ದರಿಂದ ತಪ್ಪಿನಲ್ಲಿ ನಮಗೂ ಪಾಲಿದೆ. ಮೂರು ವರ್ಷ ಪ್ರತಿ ಆಟಗಾರನಿಂದ ನೋಂದಣಿ ಶುಲ್ಕದ ಜೊತೆಗೆ ನೂರು ರೂಪಾಯಿಯನ್ನು ‘ಗಾಯಾಳು ನಿಧಿ’ ಎಂದು ವಸೂಲು ಮಾಡಿದರು. ನಾಲ್ಕನೆಯ ವರ್ಷ ನಮ್ಮ ಸದಸ್ಯರೊಬ್ಬರ ತೋಟಕ್ಕೆ ಕೊನೆ ತೆಗೆಯಲು ಬರುವ ಯುವಕನೊಬ್ಬ ಬೌಂಡರಿ ತಡೆಯಲು ಓಡಿ, ಚರಂಡಿಯ ಅಂಚಿನಲ್ಲಿ ಬಿದ್ದು ಮೊಣಕಾಲಿನ ಕೆಳಗೆ ಮೂಳೆ ಮುರಿದುಕೊಂಡ. ಕಂಬಿ ಹಾಕಬೇಕೆಂದು ಆಸ್ಪತ್ರೆಯಲ್ಲಿ ಹೇಳಿದರು. ಅವನ ಅಣ್ಣ ಬಂದು ನಿಧಿಯ ಹಣ ಕೇಳಿದ. ನಿಧಿಯೇ ಇರಲಿಲ್ಲ.

ಕದ್ದವರು ಯಾರೂ ಇಲ್ಲ ಎಂದೇ ನಮ್ಮ ನಂಬಿಕೆ. ಒಂದು ವರ್ಷ ಮಳೆ ಬಂದು ಫೈನಲ್ ಮುಂದಕ್ಕೆ ಹೋಗಿ ಶಾಮಿಯಾನಕ್ಕೆ ಎರಡು ಸಲ ಬಾಡಿಗೆ ಕೊಡಬೇಕಾಯಿತು. ಇನ್ನೊಂದು ವರ್ಷ ಬಹುಮಾನ ಕೊಡುತ್ತೇನೆಂದವರು ಕೈಯೆತ್ತಿದರು. ಖಜಾಂಚಿಯವರು ಇದ್ದ ಹಣವನ್ನೆಲ್ಲ ಒಟ್ಟು ಮಾಡಿ ತೂಗಿಸಿದರು, ತಮ್ಮ ಕೈಯಿಂದಲೂ ಹಾಕಿದರು. ಆದರೆ ಎಷ್ಟು ಬಂತು, ಎಷ್ಟು ಹೋಯಿತು, ತಾವೆಷ್ಟು ಹಾಕಿದೆವು ಎನ್ನಲು ಅವರಲ್ಲಿ ಒಂದು ಚೀಟಿಯೂ ಇರಲಿಲ್ಲ. ಅಂಗಡಿ ಕಟ್ಟೆಯ ಮೇಲೆ ಮಾತು ಹಬ್ಬಿತು. ಅವರು ಹೊಸ ಸ್ಕೂಟರ್ ತೆಗೆದುಕೊಂಡದ್ದು ಆ ವರ್ಷವೇ ಆಗಿತ್ತು, ಗ್ರಹಚಾರ. ಇಪ್ಪತ್ತು ವರ್ಷ ಊರಿನ ಆಟಕ್ಕೆ ದುಡಿದ ಆ ಮನುಷ್ಯ ಈಗ ಮೈದಾನದ ಕಡೆ ತಲೆ ಹಾಕುವುದಿಲ್ಲ. ಆ ಹುಡುಗನೋ, ಮಳೆಗಾಲದ ಮೊದಲ ಬೋರ್ಡೋ ಸಿಂಪರಣೆಗೆ ಮರ ಹತ್ತಲಾಗಲಿಲ್ಲ. ಕೊನೆಗಾರನಿಗೆ ಕಾಲು ಹೋದರೆ ಆ ವರ್ಷದ ಅನ್ನ ಹೋದಂತೆ ಎಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊನೆಗೆ ತೋಟದವರೂ ನಾಲ್ಕಾರು ಜನರೂ ಸೇರಿ ಆಸ್ಪತ್ರೆಯ ಬಿಲ್ಲು ಕಟ್ಟಿದರು.

‘ಸ್ನೇಹಕ್ಕಾಗಿ ಆಡುವ ಆಟಕ್ಕೆ ಲೆಕ್ಕ ಕೇಳುವುದು ಸ್ನೇಹಕ್ಕೆ ಹುಳಿ ಹಿಂಡಿದಂತೆ’ ಎಂದು ಹೇಳುವವರಿದ್ದಾರೆ. ಸ್ನೇಹ ಕೆಟ್ಟದ್ದು ಲೆಕ್ಕ ಕೇಳಿದ್ದರಿಂದಲ್ಲ, ಲೆಕ್ಕ ಇಲ್ಲದ್ದರಿಂದ ಎಂಬುದು ಮೇಲಿನ ಪ್ರಕರಣ ನೋಡಿದವರಿಗೆ ತಿಳಿದೀತು.

ನೆರೆಯ ಕೊಡಗಿನತ್ತ ನೋಡೋಣ. ಅಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಆರಂಭಿಸಿದಾಗ ಸೇರಿದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡಗಳಾಗಿ ಗಿನ್ನೆಸ್ ದಾಖಲೆಗೆ ಸೇರಿತು. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬದವರದು 396 ತಂಡ. ಅಲ್ಲಿ ವರ್ಷಕ್ಕೊಂದು ಕುಟುಂಬ ಹೊಣೆ ಹೊರುತ್ತದೆ. ಕಪ್ಪಿಗೆ ಇಡುವುದೂ ಆ ಕುಟುಂಬದ ಹೆಸರೇ. ಅವರ ಜಮಾಖರ್ಚಿನ ಬಗ್ಗೆ ನಾವು ಮಾತಾಡುತ್ತಿಲ್ಲ, ಅದು ನಮ್ಮ ಅಧಿಕಾರವೂ ಅಲ್ಲ. ನಮಗೆ ಮೆಚ್ಚುಗೆಯಾದದ್ದು ಹೊಣೆ ಕೈ ಬದಲಾಯಿಸುವ ಆ ಪದ್ಧತಿ. ನಮ್ಮಲ್ಲಿ ಹಾಗಲ್ಲ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಒಮ್ಮೆ ಆದವರು ಆಗಿಯೇ ಇರುತ್ತಾರೆ, ಬೇರೆಯವರು ಹೆಗಲು ಕೊಡುವುದಿಲ್ಲ ಎಂಬ ಕಾರಣಕ್ಕೆ ಕೂಡಾ. ಹೊಸಬರ ಕೈಗೆ ಪುಸ್ತಕ ಒಪ್ಪಿಸುವ ಸಂದರ್ಭವೇ ಬಾರದಿದ್ದಲ್ಲಿ ಪುಸ್ತಕ ಬರೆಯುವ ಅಭ್ಯಾಸ ಹೇಗೆ ತಾನೇ ಬಂದೀತು?

ದೊಡ್ಡವರ ಕಥೆಯೂ ಇದೇ. ದೇಶದ ಕ್ರಿಕೆಟ್ ಮಂಡಳಿಯ ವ್ಯವಹಾರ ನೋಡಲು ಸುಪ್ರೀಂ ಕೋರ್ಟು 2015ರಲ್ಲಿ ನ್ಯಾಯಮೂರ್ತಿ ಲೋಧಾ ಸಮಿತಿ ನೇಮಿಸಿ, 2016ರ ಜುಲೈಯಲ್ಲಿ ಅದರ ಬಹುಪಾಲು ಶಿಫಾರಸು ಒಪ್ಪಿಕೊಂಡಿತು. ಅಧಿಕಾರದಲ್ಲಿ ಕೂರುವ ಅವಧಿಗೆ ಮಿತಿ ಬೇಕೆಂಬುದೂ ಅದರಲ್ಲಿತ್ತು. ನಮ್ಮ ಊರ ಲೀಗಿಗೆ ನ್ಯಾಯಾಲಯ ಬರುವುದು ಬೇಡ.

ಹಾಗಾದರೆ ಆಗಬೇಕಾದ್ದೇನು? ಮುಖ್ಯವಾಗಿ, ಈಗ ಫೋನಿನಲ್ಲಿ ಹಣ ಕಳಿಸುವ ಕಾಲ. ಮೈದಾನದಲ್ಲಿ ಅಂಟಿಸುವ ಕ್ಯೂಆರ್ ಚೀಟಿ ಬಹುಪಾಲು ಖಜಾಂಚಿಯವರ ಸ್ವಂತ ಖಾತೆಯದು. ಅವರ ಕಾಫಿ ಮಾರಿದ ಹಣ, ಮಗಳ ಕಾಲೇಜು ಫೀಜು, ಲೀಗಿನ ಚಂದಾ ಎಲ್ಲ ಒಂದೇ ಹಂಡೆಗೆ ಬೀಳುತ್ತದೆ. ನಾಳೆ ಆದಾಯ ತೆರಿಗೆಯವರು ಕೇಳಿದರೆ ಇದು ನನ್ನದಲ್ಲ ಎಂದು ಅವರು ಹೇಗೆ ತೋರಿಸಬೇಕು? ಲೀಗಿನ ಹೆಸರಿನಲ್ಲೇ ಖಾತೆ, ಇಬ್ಬರ ಸಹಿ ಇರಬೇಕು. ಅದಕ್ಕೆ ಸಂಘ ನೋಂದಣಿಯಾಗಿದ್ದರೆ ಅನುಕೂಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ನೋಂದಾಯಿಸಿದವರು ವರ್ಷಕ್ಕೊಮ್ಮೆ ಸಭೆ ಕರೆದು ಲೆಕ್ಕಪತ್ರವನ್ನು ರಿಜಿಸ್ಟ್ರಾರರಿಗೆ ಸಲ್ಲಿಸತಕ್ಕದ್ದು. ನೋಂದಣಿ ಮಾಡಿಸಿ ಆಮೇಲೆ ಮರೆತುಬಿಡುವುದು ನಮ್ಮ ಚಾಳಿ. ಸಣ್ಣ ಲೀಗುಗಳಿಗೆ ಇಷ್ಟೆಲ್ಲ ಭಾರವೆನಿಸಿದರೆ ನಂಬರು ಹಾಕಿದ ರಸೀತಿ ಪುಸ್ತಕ, ಒಂದು ನೋಟುಬುಕ್ಕು ಸಾಕು. ಮರದ ಕಂಬ, ಅಕ್ಕಿ, ತೆಂಗಿನಕಾಯಿ ಕೊಟ್ಟವರ ಹೆಸರನ್ನೂ ಬರೆಯಿರಿ, ಬೆಲೆ ಕಟ್ಟದಿದ್ದರೂ ಚಿಂತೆಯಿಲ್ಲ.

ಗಾಯಾಳು ನಿಧಿಯನ್ನು ಮಾತ್ರ ಬೇರೆಯೇ ಇಡಬೇಕು. ಶಾಮಿಯಾನ ಹರಿದುಹೋದರೂ ಅದಕ್ಕೆ ಕೈ ಹಾಕಬಾರದು. ಇಡಲಾಗದಿದ್ದರೆ ಆ ಹೆಸರಿನಲ್ಲಿ ಹಣ ಎತ್ತಲೇಬಾರದು. ಈ ಮಾತಿನಲ್ಲಿ ನಮಗೆ ರಾಜಿಯಿಲ್ಲ.

ದಾನಿಗಳಿಗೂ ಒಂದು ಮಾತು. ಆಟಕ್ಕೆ ಕೊಟ್ಟ ಚಂದಾಕ್ಕೆ ತೆರಿಗೆ ವಿನಾಯಿತಿ ಸಿಗುತ್ತದೆಂದು ಕೆಲವರು ತಿಳಿದಿದ್ದಾರೆ. ಅದಕ್ಕೆಂದೇ ಮಂಜೂರಾತಿ ಪಡೆದ ಸಂಸ್ಥೆಗೆ ಕೊಟ್ಟರೆ ಮಾತ್ರ ಆ ಮಾತು. ವಿನಾಯಿತಿ ಇಲ್ಲದಿದ್ದರೂ ರಸೀತಿ ಕೇಳಿ ಪಡೆಯಿರಿ. ನೀವು ಕೇಳಿದರೆ ಖಜಾಂಚಿಯವರಿಗೆ ಅದೇ ಆಸರೆ.

ಬಹುಮಾನ ವಿತರಣೆಯ ದಿನ, ಅತಿಥಿಗಳ ಭಾಷಣಕ್ಕೆ ಮೊದಲು, ಜಮಾಖರ್ಚನ್ನು ಧ್ವನಿವರ್ಧಕದಲ್ಲಿ ಓದಿ ಹೇಳಿ ಅಂದಾಜು ಪ್ರತಿಯನ್ನು ಶಾಲೆಯ ಗೋಡೆಗೆ ಅಂಟಿಸಬಹುದು. ಬಾಕಿ ಬಿಲ್ಲು ಬಂದ ಮೇಲೆ ಪೂರ್ಣ ಲೆಕ್ಕ ಕೊಟ್ಟರಾಯಿತು. ಐದು ನಿಮಿಷದ ಕೆಲಸ. ಅತಿಥಿಗಳ ಭಾಷಣ ಅಷ್ಟು ಚಿಕ್ಕದಾದರೆ ಜನ ಬೇಸರಿಸಲಾರರು.

ಈ ಸಲದ ಆಟಗಳು ಮುಗಿದ ಮೇಲೆ ಯಾವುದೇ ಲೀಗಿನವರು ತಮ್ಮ ಜಮಾಖರ್ಚು ಕಳಿಸಿಕೊಟ್ಟಲ್ಲಿ ಈ ಪತ್ರಿಕೆಯಲ್ಲಿ ಉಚಿತವಾಗಿ ಅಚ್ಚು ಹಾಕುತ್ತೇವೆ. ನಷ್ಟವಾಗಿದ್ದರೆ ನಷ್ಟವೆಂದೇ ಬರೆಯಿರಿ. ಒಂದು ಪುಟ ಮೀರಬಾರದು, ಇಬ್ಬರ ಸಹಿ ಇರಬೇಕು, ತಿಂಗಳ 20ನೇ ತಾರೀಖಿನೊಳಗೆ ಸಂಘದ ಕಚೇರಿಗೆ ತಲುಪಬೇಕು.